ನಮ್ಮ ಲೈನ್‌ಮನ್ ಅಣ್ಣನ ದೆವ್ವದ ಕಾದಂಬರಿ: ಓದಿದವರು ಇಲ್ಲಿ ಬರೆಯಿರಿ

ಬಾಳ್ಳುಪೇಟೆ ಹುಡುಗ

ಅಣ್ಣನ ಪುಸ್ತಕ ಈಗ ನಮ್ಮಲ್ಲಿ ಸುಮಾರು ಜನರ ಕೈ ಸೇರಿದೆ. ಮುಖಪುಟದ ಫೋಟೋ ಹಾಕಿ 'ಸೂಪರ್ ಅಣ್ಣ' ಅಂತ ಬರೆದು ಮುಗಿಸಿದವರೇ ಜಾಸ್ತಿ. ಮೊನ್ನೆ ಟೀ ಅಂಗಡಿಯಲ್ಲಿ ಸಿಕ್ಕಾಗ ಅವರೇ ಹೇಳಿದರು, "ಹೊಗಳಿದ್ದು ಸಾಕು ಕಣೋ, ಯಾರಾದ್ರೂ ಓದಿದ್ದಾರಾ ಇಲ್ವಾ ಅದನ್ನ ಹೇಳು" ಅಂತ. ಅದಕ್ಕೇ ಇದನ್ನು ಶುರು ಮಾಡಿದ್ದೇನೆ. ಓದಿದವರು ಮಾತ್ರ ಬರೆಯಿರಿ. ಕಥೆ ಪೂರ್ತಿ ಹೊರಗೆ ಬರುತ್ತದೆ, ಓದದೇ ಇರುವವರು ಇಲ್ಲಿಂದಲೇ ವಾಪಸ್ ಹೋಗಿ.

ಗೊತ್ತಿಲ್ಲದವರಿಗೆ ಎರಡು ಮಾತು. ಕಥೆಯ ನಾಯಕನೂ ಲೈನ್‌ಮನ್ನೇ. ಅವನು ಕೆಲಸ ಮಾಡುವ ಸೆಕ್ಷನ್ ಹೇಮಾವತಿ ಹಿನ್ನೀರಿನ ಪಕ್ಕದ್ದು. ಮಳೆಗಾಲದ ಒಂದು ರಾತ್ರಿ ಕಂಪ್ಲೇಂಟ್ ಪುಸ್ತಕದಲ್ಲಿ ಒಂದು ಆರ್‌ಆರ್ ನಂಬರ್ (ಕರೆಂಟ್ ಬಿಲ್ಲಿನ ಮೇಲಿರುವ ಕನೆಕ್ಷನ್ ನಂಬರ್) ಬರೆದಿರುತ್ತದೆ. ಪಕ್ಕದಲ್ಲಿ 'ಮನೆಗೆ ಕರೆಂಟ್ ಇಲ್ಲ' ಅಂತ. ಯಾರು ಬರೆದುಕೊಂಡರೋ ಯಾರಿಗೂ ಗೊತ್ತಿಲ್ಲ. ಹಳೇ ಲೆಡ್ಜರ್ ತೆಗೆದು ನೋಡಿದರೆ ಆ ಮನೆ ಇದ್ದ ಊರು ಗೊರೂರಿನಲ್ಲಿ ಹೇಮಾವತಿ ಡ್ಯಾಮ್ ಕಟ್ಟಿದಾಗ ಮುಳುಗಿಹೋಗಿದೆ. ಡ್ಯಾಮ್ ಮುಗಿದದ್ದು 1979ರಲ್ಲಿ. ಈಗ ಅಲ್ಲಿ ಕರೆಂಟೂ ಇಲ್ಲ, ಗೋಡೆಯೂ ಇಲ್ಲ, ಇರುವುದು ನೀರು. ಆದರೂ ವಾರ ವಾರ ಕಂಪ್ಲೇಂಟ್ ಬರುತ್ತಲೇ ಇರುತ್ತದೆ.

ನನ್ನ ಲೆಕ್ಕದಲ್ಲಿ ಮೊದಲ ಮುಕ್ಕಾಲು ಪುಸ್ತಕ ಅದ್ಭುತ. ಕೊನೆಯ ಕಾಲು ಭಾಗ ಬೇರೆ ಯಾರೋ ಬರೆದ ಹಾಗಿದೆ. ಬಿಳಿ ಸೀರೆ, ಮಂತ್ರವಾದಿ, ನಿಂಬೆಹಣ್ಣು. ಅಣ್ಣ, ಬೈಯಬೇಡಿ.

ರಾತ್ರಿ ಪಾಳಿ

ನಾನು ಸಬ್‌ಸ್ಟೇಷನ್‌ನಲ್ಲಿ ಶಿಫ್ಟ್ ಮಾಡುವವನು. ನನಗೆ ಎಲ್ಲಿ ಭಯವಾಯಿತು ಅಂತ ಹೇಳುತ್ತೇನೆ. ದೆವ್ವ ಬರುವ ಜಾಗದಲ್ಲಿ ಅಲ್ಲ.

ನಾಯಕ ಎಲ್‌ಸಿ (ಲೈನ್ ಆಫ್ ಮಾಡಿಸಿ ಕೆಲಸ ಮಾಡಲು ಅನುಮತಿ) ತೆಗೆದುಕೊಳ್ಳುತ್ತಾನೆ. ಜಿಒಎಸ್ (ಲೈನ್ ಬಿಡಿಸುವ ಸ್ವಿಚ್) ಓಪನ್ ಮಾಡುತ್ತಾನೆ. ಡಿಒ (ಕಂಬದ ಮೇಲಿನ ಫ್ಯೂಸ್) ಇಳಿಸುತ್ತಾನೆ. ತಂತಿಯನ್ನು ನೆಲಕ್ಕೆ ಜೋಡಿಸುವ ಅರ್ಥ್ ರಾಡ್ ಹಾಕುತ್ತಾನೆ. ಎಲ್ಲ ಸರಿಯಾಗಿ ಮಾಡಿಯೇ ಕಂಬ ಹತ್ತುತ್ತಾನೆ. ಮೇಲೆ ಹೋದ ಮೇಲೆ ತಂತಿ ಗುಂಯ್ ಅನ್ನುತ್ತದೆ. ಕೆಲಸ ಗೊತ್ತಿದ್ದವನಿಗೆ ಆ ಒಂದು ಸಾಲು ಸಾಕು. ಸತ್ತ ಲೈನ್ ಸದ್ದು ಮಾಡಬಾರದು.

ಹೊರಗಿನವರಿಗೆ ಹೇಳಬೇಕು. ಎಸ್ಟೇಟಿನಲ್ಲಿ ಯಾರೋ ಚೇಂಜ್‌ಓವರ್ ಸ್ವಿಚ್ (ಮೇನ್ ಲೈನ್ ಬಿಡಿಸಿ ಜನರೇಟರ್ ಕಡೆ ತಿರುಗಿಸುವುದು) ಇಲ್ಲದೆ ಜನರೇಟರ್ ಹಾಕಿದರು ಅಂದುಕೊಳ್ಳಿ. ಆ ಕರೆಂಟ್ ಅದೇ ಟಿಸಿ (ಟ್ರಾನ್ಸ್‌ಫಾರ್ಮರ್) ಮೂಲಕ ಉಲ್ಟಾ ಹತ್ತಿ 11 ಕೆವಿ ಲೈನಿಗೆ ಬರುತ್ತದೆ. ನಾವು ಆಫ್ ಮಾಡಿದ್ದೇವೆ ಅಂದುಕೊಂಡ ಲೈನಿಗೆ ಹನ್ನೊಂದು ಸಾವಿರ ವೋಲ್ಟ್. ಅರ್ಥ್ ರಾಡ್ ಹಾಕುವುದೇ ಅದಕ್ಕೆ. ಹೀಗೆ ಉಲ್ಟಾ ಬಂದ ಕರೆಂಟಿನಿಂದ ಜನ ನಿಜವಾಗಿಯೂ ಸತ್ತಿದ್ದಾರೆ. ಪುಸ್ತಕದಲ್ಲಿ ಅವನು ಕಂಬದ ಮೇಲೇ ಕೂತು ಯಾವ ಯಾವ ತೋಟದಲ್ಲಿ ಜನರೇಟರ್ ಇದೆ ಅಂತ ಮನಸ್ಸಿನಲ್ಲೇ ಎಣಿಸುತ್ತಾನೆ. ಒಂದೊಂದನ್ನೇ ಬಿಡುತ್ತಾ ಬರುತ್ತಾನೆ. ಎಲ್ಲ ಆಫ್. ಕೊನೆಗೆ ಟಾರ್ಚ್ ಹಾಕಿ ಲೈನ್ ಎಲ್ಲಿಗೆ ಹೋಗುತ್ತದೆ ಅಂತ ನೋಡಿದರೆ, ಕಂಬಗಳು ಒಂದರ ಹಿಂದೆ ಒಂದು ಇಳಿದು ಹಿನ್ನೀರಿನೊಳಗೆ ಹೋಗಿವೆ.

ಅಲ್ಲಿ ಪುಸ್ತಕ ಮುಚ್ಚಿ ಎದ್ದು ಪ್ಯಾನೆಲ್ ರೂಮಿನ ಲೈಟ್ ಎಲ್ಲಾ ಹಾಕಿದೆ.

ಕಾಫಿ ಕಣ

ಅಧ್ಯಾಯಗಳಿಗೆ ಹೆಸರೇ ಇಲ್ಲ, ಗಮನಿಸಿದಿರಾ? ಪ್ರತಿ ಅಧ್ಯಾಯದ ತಲೆಯ ಮೇಲೆ ಡ್ಯಾಮ್ ಮಟ್ಟ ಮಾತ್ರ. 2881 ಅಡಿಯಿಂದ ಶುರು. ನಾವೆಲ್ಲ ಜೂನ್ ಬಂದರೆ ಪೇಪರಿನಲ್ಲಿ ಮೊದಲು ನೋಡುವುದೇ ಅದು. ಮಟ್ಟ ಏರುತ್ತಾ ಹೋದ ಹಾಗೆ ಕಂಪ್ಲೇಂಟ್ ಹತ್ತಿರ ಹತ್ತಿರ ಬರುತ್ತದೆ. ಮೊದಲು ಪುಸ್ತಕದಲ್ಲಿ ಬರಹ, ಆಮೇಲೆ ಸೆಕ್ಷನ್ ಆಫೀಸಿನ ಫೋನು, ಆಮೇಲೆ ಅವನ ಮೊಬೈಲು, ಆಮೇಲೆ ಮನೆ ಬಾಗಿಲು. ಇದನ್ನು ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ನಂಬರು ನೋಡಿಯೇ ಎದೆ ಹೊಡೆದುಕೊಳ್ಳುತ್ತದೆ. ಯಾವ ಹಾಸನದವನಿಗೂ ಇದನ್ನು ವಿವರಿಸಬೇಕಾಗಿಲ್ಲ, ಬೆಂಗಳೂರಿನವರಿಗೆ ಅರ್ಥವಾಗದಿದ್ದರೆ ಅವರ ಪಾಡು.

ಇನ್ನೊಂದು ಖುಷಿ. ಶೆಟ್ಟಿಹಳ್ಳಿ ಚರ್ಚ್ ಇಡೀ ಪುಸ್ತಕದಲ್ಲಿ ಒಂದೇ ಕಡೆ ಬರುತ್ತದೆ, ಅದೂ ಪ್ರಿ-ವೆಡ್ಡಿಂಗ್ ಫೋಟೋದವರು ಡ್ರೋನ್ ಹಾರಿಸಿ ತಂತಿಗೆ ಸಿಕ್ಕಿಸಿಕೊಂಡಾಗ. ನೀರಲ್ಲಿ ಅರ್ಧ ಮುಳುಗಿದ ಚರ್ಚ್ ಕೈಗೆ ಸಿಗುವ ಜಾಗದಲ್ಲಿ ಇಟ್ಟುಕೊಂಡು ಅದರಲ್ಲಿ ದೆವ್ವ ಕೂರಿಸದೇ ಇರುವುದಕ್ಕೆ ಸಂಯಮ ಬೇಕು. ಯೂಟ್ಯೂಬಿನವರಿಗೆ ಅದಿಲ್ಲ.

ಆಲೂರು ಮೇಷ್ಟ್ರು

ಕಾಫಿ ಕಣದವರೇ, ಡ್ಯಾಮ್ ಮಟ್ಟದ ಬಗ್ಗೆ ನನ್ನದೂ ಒಂದು ಮಾತಿದೆ. ಹೇಮಾವತಿ ಜಲಾಶಯದ ಪೂರ್ಣ ಮಟ್ಟ 2922 ಅಡಿ. ಕೊನೆಯ ಅಧ್ಯಾಯದ ಮೇಲೆ 2924 ಅಂತ ಇದೆ. ಇಷ್ಟು ಜಾಗ್ರತೆಯಿಂದ ಬರೆದವರು ಇದನ್ನು ಯಾಕೆ ನೋಡಲಿಲ್ಲ? ಅಚ್ಚಿನ ತಪ್ಪೇ?

ಉಳಿದಂತೆ ಭಾಷೆ ಚೆನ್ನಾಗಿದೆ. ವಾಕ್ಯ ಚಿಕ್ಕದು. ಲೈನ್‌ಮನ್‌ಗಳ ನಡುವಿನ ಮಾತು ಸಹಜವಾಗಿದೆ. ಜೆಇ (ಜೂನಿಯರ್ ಎಂಜಿನಿಯರ್) ಎದುರು ಒಂದು ಥರ, ಹಿಂದೆ ಒಂದು ಥರ ಮಾತಾಡುವುದು ನಗು ಬರಿಸಿತು. ಆದರೆ ಎಲ್ಲ ಕಡೆ 'ಭಯಾನಕ', 'ಘೋರ', 'ಕರಾಳ' ಅನ್ನುವ ಪದ ಬಂದಾಗ ಮಾತ್ರ ಭಯ ಇಳಿದುಹೋಗುತ್ತದೆ. ಭಯಾನಕ ಅಂತ ಬರೆದ ಕೂಡಲೇ ಭಯ ಆಗುವುದಿಲ್ಲ ಮಾರಾಯರೇ.

ಕಂಬದ ಮೇಲಿನಿಂದ (ಲೇಖಕರು)

ಮೇಷ್ಟ್ರೇ, 2924 ಅಚ್ಚಿನ ತಪ್ಪಲ್ಲ.

ಕಾಫಿ ಕಣ

ಅಯ್ಯೋ.

ಬಾಳ್ಳುಪೇಟೆ ಹುಡುಗ

ಅಂದರೆ ಡ್ಯಾಮ್ ತುಂಬಿದ ಮೇಲೂ... ಅಣ್ಣ, ಇದನ್ನು ಈಗ ಹೇಳುತ್ತಿದ್ದೀರಲ್ಲ. ಇವತ್ತು ರಾತ್ರಿ ನಿದ್ದೆ ಹೇಗೆ ಮಾಡಲಿ?

ಆಲೂರು ಮೇಷ್ಟ್ರು

ಸರಿ, ಒಪ್ಪಿದೆ. ಆದರೆ ಓದುಗ ಅದನ್ನು ತಪ್ಪು ಅಂದುಕೊಳ್ಳದ ಹಾಗೆ ಪೂರ್ಣ ಮಟ್ಟ 2922 ಅಂತ ಒಳಗೆ ಎಲ್ಲಾದರೂ ಒಂದು ಕಡೆ ಬರಬೇಕಿತ್ತು. ಗೇಟ್ ಕಾಯುವವನ ಬಾಯಲ್ಲಿ ಹೇಳಿಸಬಹುದಿತ್ತು.

ಸುಗ್ಗಿ ಅಕ್ಕ

ನನ್ನದು ಸ್ವಲ್ಪ ಖಾರ. ಅಣ್ಣನನ್ನು ನಮ್ಮ ಯಜಮಾನರಿಗೆ ಚೆನ್ನಾಗಿ ಗೊತ್ತು, ಆದರೂ ಹೇಳುತ್ತೇನೆ.

ಪುಸ್ತಕದಲ್ಲಿ ಇರುವ ಹೆಂಗಸರು ಮೂರೇ ಜನ. ಒಬ್ಬಳು ಹೆಂಡತಿ, ಕಾಫಿ ಕೊಡುವುದಕ್ಕೆ ಮತ್ತು 'ಹುಷಾರು ರೀ' ಅನ್ನುವುದಕ್ಕೆ. ಇನ್ನೊಬ್ಬಳು ಕೊನೆಯಲ್ಲಿ ಬರುವ ಬಿಳಿ ಸೀರೆ ಮೋಹಿನಿ. ಮೂರನೆಯವಳು ಮುಳುಗಿದ ಮನೆಯಿಂದ ಫೋನ್ ಮಾಡುವ ಅಜ್ಜಿ. ಈ ಅಜ್ಜಿ ಒಬ್ಬಳೇ ಸಾಕಿತ್ತು! ಅವಳು ಹೆದರಿಸುವುದೇ ಇಲ್ಲ. ಕೂಗಾಡುವುದಿಲ್ಲ. "ಮಗಾ, ಸೀಮೆಎಣ್ಣೆನೂ ಮುಗೀತು ಕಣಪ್ಪ. ನಿಂಗೆ ಪುರುಸೊತ್ತಾದಾಗ ಒಂಚೂರು ಬಂದು ಹೋಗು" ಅನ್ನುತ್ತಾಳೆ. ಅಷ್ಟು ಮರ್ಯಾದೆಯಿಂದ ಕರೆದರೆ ಯಾರು ತಾನೇ ಹೋಗದೇ ಇರುತ್ತಾರೆ? ಓದುತ್ತಾ ಓದುತ್ತಾ ನನಗೇ 'ಪಾಪ, ಹೋಗಿ ಬರಬಾರದಾ' ಅನ್ನಿಸಿತು. ಅದೇ ಭಯ.

ಅಂಥ ಅಜ್ಜಿಯನ್ನು ಬಿಟ್ಟು ಕೊನೆಗೆ ಕೂದಲು ಬಿಟ್ಟುಕೊಂಡ ಮೋಹಿನಿ ಯಾಕೆ ಬೇಕಿತ್ತು? ಮುದ್ದೆ ಊಟಕ್ಕೆ ಕೂತವರಿಗೆ ಕೊನೆಗೆ ಗೋಬಿ ಮಂಚೂರಿ ಬಡಿಸಿದ ಹಾಗಾಯಿತು.

ಅರಕಲಗೂಡು ಗಾಡಿ

ಅಕ್ಕ, ಗೋಬಿ ಮಂಚೂರಿನೂ ಕೆಲವರಿಗೆ ಇಷ್ಟ. ನನಗೆ ಕೊನೆಯ ಭಾಗವೇ ಇಷ್ಟವಾಯಿತು. ಮಂತ್ರವಾದಿ ಮಂಡಲ ಬರೆದು ಕೂತಾಗ ಒಂದೊಂದೇ ದೀಪ ಆರುವುದು ಸಖತ್ತಾಗಿದೆ. ಎಲ್ಲರಿಗೂ ಅರ್ಥವಾಗದ ಹಾಗೆ ಬರೆದರೆ ಮಾತ್ರ ಸಾಹಿತ್ಯನಾ? ನಾನು ಬಸ್ಸಲ್ಲಿ ಓದುವವನು. ಪುಟ ತಿರುಗಬೇಕು, ಅಷ್ಟೇ. ತಿರುಗಿತು.

ಸುಗ್ಗಿ ಅಕ್ಕ

ಅದೂ ಸರಿಯಪ್ಪ. ಆದರೆ ಅಜ್ಜಿ ಬಂದಾಗ ನೀನು ಸ್ಟಾಪ್ ಮರೆತು ಮುಂದೆ ಹೋದೆ ಅಂತ ನನಗೆ ಮೆಸೇಜ್ ಮಾಡಿದ್ದೆ. ಮೋಹಿನಿ ಬಂದಾಗ ಮರೆತೆಯಾ?

ಅರಕಲಗೂಡು ಗಾಡಿ

ಇಲ್ಲ. ಇಳಿದೆ. 😀

ಬಿಸಿಲೆ ಘಾಟಿ

ನನ್ನ ಆಕ್ಷೇಪಣೆ ಬೇರೆ. ನಮ್ಮ ಕಡೆ ರಾತ್ರಿ ಹೊರಗೆ ಹೋಗುವುದಕ್ಕೆ ಜನ ದೆವ್ವಕ್ಕೆ ಹೆದರುವುದಿಲ್ಲ, ಆನೆಗೆ ಹೆದರುತ್ತಾರೆ. ಸಕಲೇಶಪುರ, ಆಲೂರು ಕಡೆ ಸಂಜೆ ಆರಾದರೆ ಮೊಬೈಲ್‌ನಲ್ಲಿ ಆನೆ ಎಲ್ಲಿದೆ ಅಂತ ನೋಡಿಕೊಂಡೇ ಮನೆಗೆ ಹೊರಡುತ್ತೇವೆ. ಈ ನಾಯಕ ರಾತ್ರಿ ಎರಡು ಗಂಟೆಗೆ ಒಬ್ಬನೇ ತೋಟದೊಳಗೆ ನಡೆದುಕೊಂಡು ಹೋಗುತ್ತಾನೆ. ಒಂದು ಲದ್ದಿಯೂ ಕಣ್ಣಿಗೆ ಬೀಳುವುದಿಲ್ಲ. ನಂಬುವುದು ಹೇಗೆ? ದೆವ್ವವನ್ನು ನಂಬಿಬಿಡುತ್ತೇನೆ, ಇದನ್ನು ನಂಬಲು ಕಷ್ಟ.

ರಾತ್ರಿ ಪಾಳಿ

ಸ್ವಲ್ಪ ಸರಿಯಾಗಿ ಓದಿ ಘಾಟಿಯವರೇ. ನಾಲ್ಕನೇ ಅಧ್ಯಾಯದಲ್ಲಿ ಆನೆ ದಾರಿ ಇದೆ. ವರ್ಷ ವರ್ಷ ಹಿನ್ನೀರಿಗೆ ಇಳಿಯುತ್ತಿದ್ದ ಹಿಂಡು ಈ ಸಲ ಸುತ್ತು ಹಾಕಿಕೊಂಡು ಬೇರೆ ಕಡೆ ನೀರಿಗೆ ಹೋಗಿದೆ ಅಂತ ವಾಚರ್ ಹೇಳುತ್ತಾನೆ. ಒಂದೇ ಸಾಲು.

ಬಿಸಿಲೆ ಘಾಟಿ

ಆ ಸಾಲು ಹಾಗೇ ದಾಟಿಕೊಂಡು ಹೋಗಿದ್ದೆ. ಈಗ ವಾಪಸ್ ಹೋಗಿ ನೋಡಿದೆ. ಆನೆಗಳೇ ಹೋಗದ ಜಾಗಕ್ಕೆ ಇವನು ಹೋಗುತ್ತಿದ್ದಾನೆ ಅಂತ ಅರ್ಥ. ಹಾಗಾದರೂ ಟಾರ್ಚ್ ಹಾಕಿಕೊಂಡಾದರೂ ಹೋಗಬೇಕಲ್ಲಪ್ಪ!

ಡಿಟಿಪಿ ಅಕ್ಕ

ಪುಸ್ತಕದ ಒಳಗಿನ ಮಾತು ನೀವೆಲ್ಲ ಆಡಿ. ನಾನು ಅಚ್ಚಿನ ಬಗ್ಗೆ ಹೇಳುತ್ತೇನೆ, ಯಾಕಂದರೆ ಹೊಟ್ಟೆ ಉರಿಯಿತು.

ಪುಸ್ತಕದ ಉದ್ದಕ್ಕೂ 'ಲೈನ್ಮನ್' ಅಂತ ಇದೆ. ನಕಾರಕ್ಕೆ ಮಕಾರದ ಒತ್ತು. 'ಟ್ರಾನ್ಸ್ಫಾರ್ಮರ್' ಅನ್ನುವುದು ಮೂರು ಕಡೆ ಮೂರು ಥರ ಒಡೆದಿದೆ. ಮೊಬೈಲ್‌ನಲ್ಲಿ ಯೂನಿಕೋಡ್‌ನಲ್ಲಿ ಬರೆದದ್ದನ್ನು ಪೇಜ್ ಮಾಡಲು ಹಳೇ ನುಡಿ ಫಾಂಟಿಗೆ ತಿರುಗಿಸಿದ್ದಾರೆ. ಹಾಗೆ ತಿರುಗಿಸುವಾಗ ಎರಡು ಅಕ್ಷರವನ್ನು ಬೇರೆ ಬೇರೆ ಇಡುವ ಕಣ್ಣಿಗೆ ಕಾಣದ ಗುರುತು ಬಿದ್ದುಹೋಗುತ್ತದೆ. ಅರ್ಕಾವತ್ತಿನದೂ ಅದೇ ಗೋಳು. ತಿರುಗಿಸಿದ ಮೇಲೆ ಇನ್ನೊಂದು ಸಲ ಪ್ರೂಫ್ ನೋಡಲೇಬೇಕು. ಲೇಖಕರು ಮೊದಲೇ ನೋಡಿದ್ದೇನೆ ಅನ್ನುತ್ತಾರೆ, ಪ್ರೆಸ್ಸಿನವರು ಲೇಖಕರು ನೋಡಿದ್ದಾರೆ ಅನ್ನುತ್ತಾರೆ. ನಡುವೆ ಒತ್ತಕ್ಷರ ಸಾಯುತ್ತದೆ.

ಮತ್ತೆ, 208 ಪುಟ ಅಂದರೆ 16 ಪುಟದ ಹದಿಮೂರು ಫಾರಂ (ಒಟ್ಟಿಗೆ ಅಚ್ಚಾಗುವ ಪುಟಗಳ ಕಟ್ಟು), ಲೆಕ್ಕ ಸರಿಯಾಗಿ ಕೂತಿದೆ. ಪೇಪರ್ ಚೆನ್ನಾಗಿದೆ. ಆದರೆ ಒಳಗಿನ ಮಾರ್ಜಿನ್ ತೀರಾ ಕಮ್ಮಿ. ಗಮ್ ಬೈಂಡಿಂಗ್ ಪುಸ್ತಕವನ್ನು ಅಗಲಿಸಿ ಹಿಡಿದರೆ ಮಾತ್ರ ಸಾಲಿನ ತುದಿ ಕಾಣುತ್ತದೆ, ಅಗಲಿಸಿದರೆ ಹಾಳೆ ಕಿತ್ತು ಬರುತ್ತದೆ. ನನ್ನ ಪ್ರತಿಯಲ್ಲಿ ಮಂತ್ರವಾದಿ ಇರುವ ಹಾಳೆಗಳೇ ಕಿತ್ತುಬಂದಿವೆ. ಸುಗ್ಗಿ ಅಕ್ಕನಿಗೆ ಬೇಕಾದ ಆವೃತ್ತಿ ನನ್ನ ಹತ್ತಿರ ಇದೆ.

ಸುಗ್ಗಿ ಅಕ್ಕ

ಕೊಟ್ಟು ಕಳಿಸಿ. 😂

ಹೇಮಾವತಿ ದಡ

ಬರೆಯಬೇಕೋ ಬೇಡವೋ ಅಂತ ಯೋಚನೆ ಮಾಡುತ್ತಿದ್ದೆ. ನಮ್ಮ ತಾಯಿಯ ತವರು ಮುಳುಗಿದ ಊರು. ಯಾವುದು ಅಂತ ಹೇಳುವುದಿಲ್ಲ. ನಾನು ಹುಟ್ಟಿದ್ದು ಆಮೇಲೆ, ಕೇಳಿದ್ದಷ್ಟೇ ನನಗೆ ಗೊತ್ತಿರುವುದು.

ಪುಸ್ತಕ ಚೆನ್ನಾಗಿದೆ ಅಂತ ಎಲ್ಲರೂ ಹೇಳಿದ್ದೀರಿ, ನನಗೂ ಕೈಯಿಂದ ಕೆಳಗಿಡಲು ಆಗಲಿಲ್ಲ. ಆದರೆ ಒಂದು ಕಡೆ ಕೋಪ ಬಂತು. ಹದಿನೈದನೇ ಅಧ್ಯಾಯದಲ್ಲಿ ಮಂತ್ರವಾದಿ ಹೇಳುತ್ತಾನೆ, 'ಬಿಟ್ಟು ಓಡಿಹೋದವರ ಮೇಲೆ ಆ ಊರಿಗೆ ಸಿಟ್ಟು' ಅಂತ. ಯಾರು ಬಿಟ್ಟು ಓಡಿಹೋದವರು? ನಮ್ಮವರು ಓಡಿಹೋಗಿಲ್ಲ. ನೋಟಿಸ್ ಕೊಟ್ಟು ಎಬ್ಬಿಸಿದ್ದು. ನಮ್ಮಜ್ಜಿ ಹೇಳುತ್ತಿದ್ದರು, ತೊಲೆ, ಬಾಗಿಲು, ಹೆಂಚು ಎಲ್ಲ ಬಿಚ್ಚಿ ಗಾಡಿಗೆ ಹಾಕಿದರಂತೆ. ಊರ ದೇವರನ್ನು ಎತ್ತಿಕೊಂಡು ಬಂದರಂತೆ. ಸ್ಮಶಾನ ಎತ್ತಿಕೊಂಡು ಬರುವುದು ಹೇಗೆ? ಅದನ್ನು ಬಿಟ್ಟು ಬಂದರು. ಅಜ್ಜಿಯ ಮೊದಲ ಮಗು ಅಲ್ಲಿದೆ.

ದೆವ್ವದ ಕಥೆ ಬರೆಯಬೇಡಿ ಅಂತ ಹೇಳುತ್ತಿಲ್ಲ. ಊರು ಸಿಟ್ಟು ಮಾಡಿಕೊಳ್ಳುವುದಾದರೆ ನಮ್ಮ ಮೇಲೆ ಯಾಕೆ ಮಾಡಿಕೊಳ್ಳಬೇಕು ಅಂತ ಕೇಳುತ್ತಿದ್ದೇನೆ. ಮ್ಯಾಪಿನ ಮೇಲೆ ಗೆರೆ ಎಳೆದವರ ಮನೆಗೆ ಯಾಕೆ ಒಂದು ಫೋನೂ ಹೋಗುವುದಿಲ್ಲ?

ಇನ್ನೊಂದು. ನಮ್ಮಜ್ಜಿಯ ಮನೆಯಲ್ಲಿ ಕರೆಂಟ್ ಇರಲಿಲ್ಲ. ಊರಿಗೆ ಕಂಬ ಬಂದಿತ್ತಂತೆ. ಗೌಡರ ಮನೆ, ಮಿಲ್ಲು, ಅಲ್ಲಿಗೆ ಮುಗಿಯಿತು. ಉಳಿದವರದು ಬುಡ್ಡಿ ದೀಪ.

ಆಲೂರು ಮೇಷ್ಟ್ರು

ತಾಯಿ, ನೀವು ಬರೆದದ್ದು ಒಳ್ಳೆಯದಾಯಿತು. ನನಗೂ ಆ ಸಾಲು ಸರಿ ಕಾಣಲಿಲ್ಲ, ಆದರೆ ನಿಮ್ಮಷ್ಟು ನೇರವಾಗಿ ಹೇಳಲು ಬಂದಿರಲಿಲ್ಲ. ಇಲ್ಲಿಯ ಕಾಲುವೆ ನೀರಲ್ಲಿ ಭತ್ತ ಬೆಳೆದ ಕಡೆಯವರು ಒಂದು ಥರ ಓದುತ್ತಾರೆ, ನೀರಿಗೆ ಜಾಗ ಬಿಟ್ಟವರು ಇನ್ನೊಂದು ಥರ ಓದುತ್ತಾರೆ.

ರಾತ್ರಿ ಪಾಳಿ

ದಡದವರು ಕರೆಂಟ್ ಇರಲಿಲ್ಲ ಅಂದಮೇಲೆ ನನಗೆ ಏನೋ ಹೊಳೆಯಿತು. ಪುಸ್ತಕ ತೆಗೆದು ನೋಡಿದೆ. ಪುಟ 61 ತೆಗೆಯಿರಿ.

ನಾಯಕ ಹಳೇ ಲೆಡ್ಜರ್ ಬಿಡಿಸುವ ಜಾಗ. ಕೆಇಬಿ (ಹಳೇ ವಿದ್ಯುತ್ ಮಂಡಳಿ) ಕಾಲದ್ದು, ಹಾಳೆ ಹಳದಿಯಾಗಿದೆ, ಮೂಲೆಯಲ್ಲಿ ಗೆದ್ದಲು. ಆರ್‌ಆರ್ ನಂಬರ್ ಇದೆ. ಠೇವಣಿ ಕಟ್ಟಿದ ರಸೀದಿ ನಂಬರ್ ಇದೆ. ಮೀಟರ್ ನಂಬರ್ ಇದೆ. ಇನಿಷಿಯಲ್ ರೀಡಿಂಗ್ ಸೊನ್ನೆ. ಅದರ ಮುಂದಿನ ಕಾಲಂ ಪೂರ್ತಿ ಖಾಲಿ. ಒಂದು ಯೂನಿಟ್ಟೂ ಇಲ್ಲ. ನಾಯಕ 'ಹಾಳೆ ಹರಿದಿರಬೇಕು' ಅಂದುಕೊಂಡು ಮುಂದೆ ಹೋಗುತ್ತಾನೆ. ನಾವೂ ಅವನ ಜೊತೆ ಮುಂದೆ ಹೋದೆವು.

ನಮ್ಮ ಕೆಲಸದಲ್ಲಿ ಇದಕ್ಕೆ ಒಂದೇ ಅರ್ಥ. ಕಂಬ ಬಂತು, ತಂತಿ ಬಂತು, ದುಡ್ಡು ಕಟ್ಟಿದರು, ಮೀಟರ್ ಕೂರಿಸಿದರು. ಕರೆಂಟ್ ಕೊಡುವ ಮುಂಚೆ ನೀರು ಬಂತು.

ಆ ಅಜ್ಜಿ ಹೋದ ಕರೆಂಟ್ ಕೇಳುತ್ತಿಲ್ಲ. ಅವಳಿಗೆ ಯಾವತ್ತೂ ಬಂದೇ ಇಲ್ಲ.

ಸುಗ್ಗಿ ಅಕ್ಕ

ರೋಮ ಎದ್ದಿತು. ಇದು ನಿಜವಾ ಅಣ್ಣ, ಇಲ್ಲ ರಾತ್ರಿ ಪಾಳಿಯವರೇ ಕಟ್ಟಿದ್ದಾ?

ಕಾಫಿ ಕಣ

ಹಾಗಿದ್ದರೆ ಆ ಮನೆಯ ಮೀಟರ್ ಸಿಗುವ ದೃಶ್ಯವೂ ಬೇರೆಯಾಗುತ್ತದೆ. ಎಸ್ಟೇಟಿನ ಹಳೇ ಪಲ್ಪರ್ ಮನೆಯ (ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಜಾಗ) ಅಟ್ಟದಲ್ಲಿ, ಗೋಣಿಚೀಲದ ಕೆಳಗೆ ಆ ಮೀಟರ್ ಸಿಗುತ್ತದಲ್ಲ. ಕಪ್ಪು ಡಬ್ಬ, ಗಾಜಿನ ಒಳಗೆ ಅಲ್ಯೂಮಿನಿಯಂ ಚಕ್ರ, ಚಕ್ರದ ಅಂಚಿನಲ್ಲಿ ಕೆಂಪು ಗುರುತು. ಕೆಳಗೆ ತಂತಿಯೇ ಇಲ್ಲ, ಎರಡು ತೂತು ಮಾತ್ರ, ಒಂದರಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿದೆ. ಅವನು ಗಾಜು ಒರೆಸುತ್ತಾನೆ. ಕೆಂಪು ಗುರುತು ಬಲಗಡೆಯಿಂದ ನಿಧಾನಕ್ಕೆ ಒಳಗೆ ಹೋಗುತ್ತದೆ. ಕಾಯುತ್ತಾನೆ. ಎಡಗಡೆಯಿಂದ ವಾಪಸ್ ಬರುತ್ತದೆ. ನಂಬರ್ ಮಾತ್ರ ಇನ್ನೂ ಸೊನ್ನೆ.

ಮೊದಲ ಸಲ ಓದಿದಾಗ ಸುಮ್ನೆ ಗಿಮಿಕ್ ಅಂದುಕೊಂಡಿದ್ದೆ. ಚಕ್ರ ತಿರುಗಿದರೆ ನಂಬರ್ ಏರಬೇಕಲ್ಲ, ಏರುತ್ತಿಲ್ಲ ಅಂದರೆ ಲೇಖಕರು ಮರೆತಿದ್ದಾರೆ ಅಂತ ಪೆನ್ಸಿಲ್‌ನಲ್ಲಿ ಗುರುತೂ ಹಾಕಿದ್ದೆ.

ಕಂಬದ ಮೇಲಿನಿಂದ (ಲೇಖಕರು)

ಡ್ಯೂಟಿ ಮುಗಿಸಿ ಈಗ ಕೂತೆ. ಒಬ್ಬೊಬ್ಬರಿಗೆ ಬರೆಯುತ್ತೇನೆ.

ರಾತ್ರಿ ಪಾಳಿ ಹೇಳಿದ್ದು ಸರಿ. ಪುಟ 61 ಅದಕ್ಕೇ ಇದೆ. ಯಾರೂ ನೋಡಲ್ಲ ಅಂದುಕೊಂಡಿದ್ದೆ. ನೋಡಿದ್ದು ಸಬ್‌ಸ್ಟೇಷನ್ನಿನವನೇ ಆದದ್ದು ಖುಷಿ.

ಮೋಹಿನಿ, ಮಂತ್ರವಾದಿ ಬಗ್ಗೆ: ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಸಿನಿಮಾ ನೋಡಿ ಹಾಕಿದ್ದಲ್ಲ. ನಮ್ಮ ಜೊತೆಯವನೊಬ್ಬ ಕಂಬದಿಂದ ಬಿದ್ದಾಗ ಮನೆಯವರು ಮೊದಲು ಆಸ್ಪತ್ರೆಗೆ ಹೋದರು, ಆಮೇಲೆ ಗಾಳಿ ಬಿಡಿಸುವವರ ಹತ್ತಿರ ಹೋದರು. ಆಸ್ಪತ್ರೆಯಲ್ಲಿ ಏನಾಯಿತು ಅಂತ ಹೇಳಿದರು. ಯಾಕಾಯಿತು ಅಂತ ಹೇಳಿದವನು ಎರಡನೆಯವನು. ಅವನು ಹೇಳಿದ್ದು ಸುಳ್ಳೇ ಇರಬಹುದು. ಆದರೆ ಮನೆಯವರು ಅವತ್ತು ರಾತ್ರಿ ಮಲಗಿದರು. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದಿಲ್ಲದೆ ಈ ಕಥೆ ನನಗೆ ಪೂರ್ತಿಯಾಗುವುದಿಲ್ಲ.

ಸುಗ್ಗಿ ಅಕ್ಕ, ಹೆಂಡತಿ ಪಾತ್ರದ ಬಗ್ಗೆ ನಮ್ಮ ಮನೆಯಲ್ಲೂ ಇದೇ ಮಾತು ಬಂತು. ಅಲ್ಲಿ ಇನ್ನೂ ಜೋರಾಗಿ ಬಂತು.

ಹೇಮಾವತಿ ದಡದವರಿಗೆ: ಊರಿನ ಹೆಸರು ಬೇಕಂತಲೇ ಹಾಕಲಿಲ್ಲ, ಯಾರ ಮನೆಯನ್ನೂ ತೋರಿಸಿದ ಹಾಗೆ ಆಗಬಾರದು ಅಂತ. 'ಓಡಿಹೋದವರು' ಅನ್ನುವುದು ಮಂತ್ರವಾದಿಯ ಮಾತು, ನನ್ನದಲ್ಲ. ಅವನು ಹೊರಗಿನವನು, ಹೊರಗಿನವನ ಹಾಗೇ ಮಾತಾಡುತ್ತಾನೆ. ನಿಮ್ಮ ಅಜ್ಜಿ ಹೇಳಿದ್ದು, ದೇವರನ್ನು ಎತ್ತಿಕೊಂಡು ಬಂದು ಸ್ಮಶಾನ ಬಿಟ್ಟು ಬಂದದ್ದು, ಮುಂದಿನ ಮುದ್ರಣದಲ್ಲಿ ಬಳಸಬಹುದಾ? ನೀವು ಒಪ್ಪಿದರೆ ಮಾತ್ರ.

ಹೇಮಾವತಿ ದಡ

ಬೇಡ. ಅದು ನಮ್ಮಜ್ಜಿಯದು.

ಮಂತ್ರವಾದಿಯ ಮಾತು ನಿಮ್ಮ ಮಾತಲ್ಲ ಅನ್ನುತ್ತೀರಿ. ಹಾಗಾದರೆ ಪುಸ್ತಕದಲ್ಲಿ ಒಬ್ಬರಾದರೂ ಎದ್ದು 'ಸುಳ್ಳು ಹೇಳಬೇಡ' ಅನ್ನಬೇಕಿತ್ತು. ಕೂತವರೆಲ್ಲ ತಲೆ ಅಲ್ಲಾಡಿಸುತ್ತಾರೆ. ಅಲ್ಲಿ ಮುಳುಗಿದ ಊರಿನಿಂದ ಎದ್ದು ಬಂದವರೂ ಕೂತಿದ್ದಾರೆ. ನಮ್ಮವರು ಅಷ್ಟು ಸುಮ್ಮನೆ ಕೂರುವವರಲ್ಲ.

ಕಂಬದ ಮೇಲಿನಿಂದ (ಲೇಖಕರು)

ಬಳಸುವುದಿಲ್ಲ.

ಎದ್ದು ಬೈಯುವುದಕ್ಕೆ ಯಾರನ್ನು ಎಬ್ಬಿಸಬೇಕು ಅಂತ ಯೋಚನೆ ಮಾಡುತ್ತೇನೆ. ಅದು ನನ್ನ ಕೆಲಸ, ನಿಮ್ಮ ಅಜ್ಜಿಯದಲ್ಲ.

ಬಾಳ್ಳುಪೇಟೆ ಹುಡುಗ

ಫೋನಿನ ಅಜ್ಜಿಯನ್ನೇ ಎಬ್ಬಿಸಿ ಅಣ್ಣ. ಮಂತ್ರವಾದಿಗೆ ಫೋನ್ ಮಾಡಿ ಬೈಯಲಿ. ಅದೂ ಮರ್ಯಾದೆಯಿಂದಲೇ.

ಸುಗ್ಗಿ ಅಕ್ಕ

"ಮಗಾ, ನೀನು ಸುಳ್ಳು ಹೇಳ್ತಿದ್ದೀಯ ಕಣಪ್ಪ. ಪುರುಸೊತ್ತಾದಾಗ ಒಂಚೂರು ಬಂದು ಹೋಗು." ಮಂತ್ರವಾದಿ ಅಲ್ಲೇ ಪಂಚೆ ಎತ್ತಿಕೊಂಡು ಓಡುತ್ತಾನೆ.

ಅರಕಲಗೂಡು ಗಾಡಿ

ಇದಕ್ಕೆ ನಾನೂ ಸ್ಟಾಪ್ ಮರೆಯುತ್ತೇನೆ.

ಮಂಜರಾಬಾದ್ ಮಂಜು

ತಡವಾಗಿ ಬಂದೆ. ಒಂದು ಪ್ರಶ್ನೆ. ನಾಯಕ ಬೆಳಗಿನ ಜಾವ ಹಳ್ಳದ ಪಕ್ಕ ಯಾರೋ ಸಿಳ್ಳೆ ಹಾಕುವುದು ಕೇಳಿ ಓಡಿಹೋಗುತ್ತಾನಲ್ಲ, ಅದು ಹಕ್ಕಿ ತಾನೇ? ನಮ್ಮ ತೋಟದ ಹಳ್ಳದಲ್ಲಿ ಮಳೆಗಾಲ ಶುರುವಾದರೆ ದಿನಾ ಕೂಗುತ್ತದೆ. ಇನ್ನೂ ಕತ್ತಲಿರುವಾಗ, ಸ್ಕೂಲಿಗೆ ಹೊರಟ ಹುಡುಗ ರಾಗ ಮರೆತು ಸಿಳ್ಳೆ ಹಾಕಿದ ಹಾಗೆ. ನೀಲಿ-ಕಪ್ಪು ಬಣ್ಣ, ಕಲ್ಲಿನ ಮೇಲೆ ಕೂರುತ್ತದೆ. ಮಲೆನಾಡಿನ ಲೈನ್‌ಮನ್‌ಗೆ ಅದು ಗೊತ್ತಿರಲ್ವಾ?

ಕಂಬದ ಮೇಲಿನಿಂದ (ಲೇಖಕರು)

ಗೊತ್ತಿರುತ್ತದೆ. ಅವನಿಗೂ ಗೊತ್ತು. ಹಕ್ಕಿ ಅಂತ ಗೊತ್ತಿದ್ದೂ ಓಡುತ್ತಾನೆ. ಅಷ್ಟು ಹೊತ್ತಿಗೆ ಅವನ ಧೈರ್ಯ ಅಷ್ಟಕ್ಕೆ ಬಂದಿದೆ.

ಆಲೂರು ಮೇಷ್ಟ್ರು

ಇದು ಚೆನ್ನಾಗಿದೆ. ಹಕ್ಕಿ ಅಂತ ಅವನಿಗೆ ಗೊತ್ತು ಅನ್ನುವುದನ್ನು ಪುಸ್ತಕದಲ್ಲಿ ಬರೆಯಿರಿ, ಇಲ್ಲಲ್ಲ.

ಡಿಟಿಪಿ ಅಕ್ಕ

ಎರಡನೇ ಮುದ್ರಣ ಯಾವಾಗ? ಅಣ್ಣ, ಈ ಸಲ ಫೈಲ್ ನನಗೆ ಕಳಿಸಿ. ದುಡ್ಡು ಬೇಡ, ಒತ್ತಕ್ಷರ ಉಳಿಸಿಕೊಡುತ್ತೇನೆ. ಯೂನಿಕೋಡ್‌ನಲ್ಲೇ ಪೇಜ್ ಮಾಡೋಣ, ತಿರುಗಿಸುವ ತಂಟೆಯೇ ಬೇಡ. ಮೊದಲ ಮುದ್ರಣಕ್ಕೆ ಐಎಸ್‌ಬಿಎನ್ (ಪುಸ್ತಕದ ಗುರುತಿನ ನಂಬರ್) ತೆಗೆದುಕೊಂಡಿಲ್ಲ ನೀವು. ಅದಕ್ಕೆ ಯಾರಿಗೂ ದುಡ್ಡು ಕೊಡಬೇಡಿ, ನಮ್ಮ ದೇಶದಲ್ಲಿ ಅದನ್ನು ಸರ್ಕಾರವೇ ಫ್ರೀಯಾಗಿ ಕೊಡುತ್ತದೆ. ನೀವೇ ಆನ್‌ಲೈನ್‌ನಲ್ಲಿ ಹಾಕಬಹುದು. ಗ್ರಂಥಾಲಯ ಇಲಾಖೆಗೆ ಕೊಡುವುದಿದ್ದರೂ ಅದು ಇದ್ದರೆ ಒಳ್ಳೆಯದು.

ಕಂಬದ ಮೇಲಿನಿಂದ (ಲೇಖಕರು)

ಮೊದಲು ಮನೆಯಲ್ಲಿರುವ ಪ್ರತಿ ಖಾಲಿಯಾಗಲಿ ಅಕ್ಕ. ಮಂಚದ ಕೆಳಗೆ ಇಟ್ಟಿದ್ದೇನೆ. ಮಳೆಗೆ ಶೀತ ಹಿಡಿಯುವ ಮುಂಚೆ ಹೋಗಬೇಕು. ಸಕಲೇಶಪುರ, ಆಲೂರು, ಹಾಸನದವರಿಗೆ ನಾನೇ ತಂದುಕೊಡುತ್ತೇನೆ.

ಹೊಸಬ

ನಮಸ್ತೆ, ಚಿಕ್ಕಮಗಳೂರಿನಿಂದ. ಕಥೆ ಕೇಳಿಯೇ ಓದಬೇಕು ಅನ್ನಿಸಿತು. ಯಾರಾದರೂ ಪಿಡಿಎಫ್ ಇದ್ದರೆ ಕಳಿಸುತ್ತೀರಾ?

ಸುಗ್ಗಿ ಅಕ್ಕ

ಇಷ್ಟೆಲ್ಲ ಓದಿ ಪಿಡಿಎಫ್ ಕೇಳ್ತೀಯಲ್ಲಪ್ಪ! 240 ರೂಪಾಯಿ. ಎರಡು ಮಸಾಲೆ ದೋಸೆ ಬಿಡು.

ಬಾಳ್ಳುಪೇಟೆ ಹುಡುಗ

ಪಿಡಿಎಫ್ ಕೇಳಿದವರ ನಂಬರನ್ನು ಅಜ್ಜಿಗೆ ಕೊಡಲಾಗುವುದು.

ಹೊಸಬ

ಆಯ್ತು ಆಯ್ತು, ಒಂದು ಪ್ರತಿ ನನ್ನ ಹೆಸರಿಗೆ ತೆಗೆದಿಡಿ. ವಿಳಾಸ ಮೆಸೇಜ್ ಮಾಡುತ್ತೇನೆ.

ಕಂಬದ ಮೇಲಿನಿಂದ (ಲೇಖಕರು)

ತೆಗೆದಿಡುತ್ತೇನೆ. ಆದರೆ ನಾಳೆ ಕಳಿಸಲು ಆಗುವುದಿಲ್ಲ. ಫೀಡರ್ ಕೆಲಸ ಇದೆ, ಮರದ ಕೊಂಬೆ ಕಡಿಯುವುದು. ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಕರೆಂಟ್ ಇರುವುದಿಲ್ಲ. ಎಲ್ಲರೂ ಟ್ಯಾಂಕ್ ತುಂಬಿಸಿಕೊಳ್ಳಿ. ಜನರೇಟರ್ ಇರುವವರು ಮೇನ್ ಆಫ್ ಮಾಡಿ ಹಾಕಿ, ದಯವಿಟ್ಟು. ಕಂಬದ ಮೇಲೆ ಇರುವುದು ನಾನೇ.

ಬಾಳ್ಳುಪೇಟೆ ಹುಡುಗ

ಬಾಳ್ಳುಪೇಟೆಗೂ ಇರಲ್ವಾ ಅಣ್ಣ?

ಕಂಬದ ಮೇಲಿನಿಂದ (ಲೇಖಕರು)

ಇರಲ್ಲ. ಕರೆಂಟ್ ಇಲ್ಲ ಅಂತ 1912ಕ್ಕೆ ಫೋನ್ ಮಾಡಬೇಡ.